ಡಿಸ್ಟ್ರಿಕ್ಟ್ ಕೇಳದಿದ್ದರೆ ರಾಜ್ಯದ ಇಲಾಖೆ ಇದೆ

ಎಲ್ಲರಿಗೂ ನಮಸ್ಕಾರ. ವಿಶೇಷ ಶಿಕ್ಷಣದ ವಿಷಯದಲ್ಲಿ ಸ್ಕೂಲ್ ಡಿಸ್ಟ್ರಿಕ್ಟ್ (ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆ) ಮಾತು ಕೇಳದಿದ್ದರೆ ಮುಂದೇನು ಅಂತ ಹಲವರು ಕೇಳಿದ್ದೀರಿ. ಅಮೆರಿಕದ ಯಾವ ರಾಜ್ಯದಲ್ಲಿದ್ದರೂ ಇದು ಅನ್ವಯಿಸುತ್ತದೆ.

ಅಂಗವೈಕಲ್ಯವಿರುವ ಮಕ್ಕಳ ಶಿಕ್ಷಣಕ್ಕಾಗಿ ಇರುವ ಫೆಡರಲ್ (ಕೇಂದ್ರ ಸರ್ಕಾರದ) ಕಾನೂನು ಐಡಿಇಎ ಪ್ರಕಾರ ಡಿಸ್ಟ್ರಿಕ್ಟ್‌ಗಳ ಮೇಲೆ ಕಣ್ಣಿಡುವ ಹೊಣೆ ರಾಜ್ಯದ ಶಿಕ್ಷಣ ಇಲಾಖೆಯದು. ಫೆಡರಲ್ ಹಣ ಹಂಚುವುದು, ಶಿಕ್ಷಕರ ತರಬೇತಿಗೆ ನೆರವಾಗುವುದು ಕೂಡ ಅವರ ಕೆಲಸವೇ. ಪ್ರತಿ ಡಿಸ್ಟ್ರಿಕ್ಟ್ ಹೇಗೆ ನಡೆಯುತ್ತಿದೆ ಅಂತ ವರ್ಷಕ್ಕೊಮ್ಮೆ ಸಾರ್ವಜನಿಕ ವರದಿಯನ್ನೂ ಕೊಡಬೇಕು.

ನಮಗೆ ಜಾಸ್ತಿ ಉಪಯೋಗಕ್ಕೆ ಬರುವುದು ಸ್ಟೇಟ್ ಕಂಪ್ಲೇಂಟ್, ಅಂದರೆ ಡಿಸ್ಟ್ರಿಕ್ಟ್ ಕಾನೂನು ಪಾಲಿಸಿಲ್ಲ ಅಂತ ರಾಜ್ಯದ ಇಲಾಖೆಗೆ ಕೊಡುವ ಲಿಖಿತ ದೂರು. ವಕೀಲರು ಬೇಕಿಲ್ಲ. ಐಇಪಿಯಲ್ಲಿ (ಮಗುವಿಗೆ ಯಾವ ಸೇವೆ ಕೊಡಬೇಕು ಅಂತ ಬರೆದಿಟ್ಟ ಯೋಜನೆ) ವಾರಕ್ಕೆ 2 ಸಲ ಸ್ಪೀಚ್ ಥೆರಪಿ ಅಂತಿದೆ, ತಿಂಗಳುಗಟ್ಟಲೆ ಕೊಟ್ಟೇ ಇಲ್ಲ ಅಂತಿಟ್ಟುಕೊಳ್ಳಿ. ಥೆರಪಿಸ್ಟ್ ಸಿಗಲಿಲ್ಲ ಅನ್ನುವ ನೆಪ ನಡೆಯುವುದಿಲ್ಲ. ವಿವರ ಬರೆದು, ಸಹಿ ಹಾಕಿ, ಇಲಾಖೆಗೆ ಕಳಿಸಿ. ಒಂದು ಪ್ರತಿ ಡಿಸ್ಟ್ರಿಕ್ಟ್‌ಗೂ ಹೋಗಬೇಕು. ತಪ್ಪು ನಡೆದು 1 ವರ್ಷ ದಾಟಿರಬಾರದು. ಸಾಮಾನ್ಯವಾಗಿ 60 ದಿನದೊಳಗೆ ಲಿಖಿತ ತೀರ್ಮಾನ ಬರುತ್ತದೆ. ತಪ್ಪಿಹೋದ ಥೆರಪಿಯನ್ನು ತುಂಬಿಕೊಡಿ ಅಂತ ಇಲಾಖೆ ಆದೇಶಿಸಬಹುದು.

"ಶಾಲೆಯವರು ಸರಿಯಾಗಿ ಮಾತಾಡಲಿಲ್ಲ" ಅಂತ ಪುಟಗಟ್ಟಲೆ ಬರೆಯುವುದು ಸುಮ್ನೆ ದಂಡ. ತಾರೀಖು, ಇಮೇಲ್, ಐಇಪಿಯ ಪ್ರತಿ ಇವೇ ಕೆಲಸಕ್ಕೆ ಬರುವುದು.

ಜಗಳ ಬೇಡ ಅನ್ನುವವರಿಗೆ ಮೀಡಿಯೇಶನ್ (ಮಧ್ಯಸ್ಥರ ಮೂಲಕ ರಾಜಿ ಮಾತುಕತೆ) ಇದೆ. ಖರ್ಚು ರಾಜ್ಯದ್ದೇ, ಆದರೆ ಎರಡೂ ಕಡೆಯವರು ಒಪ್ಪಬೇಕು. ದೂರು ಬರೆಯಲು ಸಹಾಯ ಬೇಕಾದರೆ ಪ್ರತಿ ರಾಜ್ಯದಲ್ಲೂ ಪೋಷಕರ ತರಬೇತಿ ಮತ್ತು ಮಾಹಿತಿ ಕೇಂದ್ರ ಇದೆ, ಅಲ್ಲಿಗೆ ಫೋನ್ ಮಾಡಿ.

ಮಗುವಿನ ಹೆಸರಿರುವ ಕಾಗದಪತ್ರಗಳನ್ನು ದಯವಿಟ್ಟು ಗುಂಪಿನಲ್ಲಿ ಹಾಕಬೇಡಿ.