ಅಜ್ಜನ ಎರಡು ಎಕರೆ, ಅಕ್ಕನ ಪಾಲು

ಪ್ರೀತಿಯ ಗೆಳೆಯಾ,

ಹೋದ ಸಲ ಫೋನಿನಲ್ಲಿ ಕೇಳಿದ್ದೆಯಲ್ಲ, "ನಿಮ್ಮಪ್ಪ ಯಾಕೋ ಎಲ್ಲದಕ್ಕೂ ಕಾಲ ಕೆಟ್ಟೋಯ್ತು ಅಂತಾರೆ?" ಅಂತ. ಆಗ ನಕ್ಕುಬಿಟ್ಟಿದ್ದೆ. ಈಗ ನಗು ಬರುತ್ತಿಲ್ಲ.

ಮದ್ದೂರಿನ ಹತ್ತಿರ ನಮ್ಮದು ಎರಡು ಎಕರೆ ಗದ್ದೆ ಇದೆಯಲ್ಲ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ನೀರಿನದು, ಅದು ಅಜ್ಜ ಗೇಣಿಗೆ ಮಾಡುತ್ತಿದ್ದದ್ದು. 1974ರಲ್ಲಿ ದೇವರಾಜ ಅರಸರ ಭೂಸುಧಾರಣೆ ಬಂತು, ಉಳುವವನೇ ಒಡೆಯ ಅಂತ. ಅಜ್ಜ ಗೇಣಿ ಜಮೀನು ತನ್ನ ಹೆಸರಿಗೆ ಬೇಕೆಂದು ಏಳನೇ ನಮೂನೆ ಅರ್ಜಿ ಹಾಕಿ, ಭೂನ್ಯಾಯ ಮಂಡಳಿ ಮುಂದೆ ಕೈಕಟ್ಟಿ ನಿಂತು, ಕೊನೆಗೆ ಒಡೆಯನಾದ. ಆಗ ಗೇಣಿ ಪಡೆಯುತ್ತಿದ್ದ ಯಜಮಾನರು ಅರಳಿಕಟ್ಟೆಯಲ್ಲಿ ಕೂತು ಅಂದದ್ದೂ ಇದೇ ಮಾತಂತೆ. ಕಾಲ ಕೆಟ್ಟೋಯ್ತು!

ಈಗ ಅಕ್ಕ ಪಾಲು ಕೇಳಿದ್ದಾಳೆ. ಕಾನೂನು ಅವಳ ಕಡೆಗಿದೆ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಅಂತ ಕರ್ನಾಟಕ 1994ರಲ್ಲೇ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದಿತ್ತು, 2005ರಲ್ಲಿ ಇಡೀ ದೇಶಕ್ಕೇ ಬಂತು. ಆದರೆ ನಮ್ಮ ಕಡೆ ರೂಢಿ ನಿನಗೆ ಗೊತ್ತಲ್ಲ. ಅರಿಶಿನ ಕುಂಕುಮ, ಒಂದು ರೇಷ್ಮೆ ಸೀರೆ, ಆಮೇಲೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ. ನಮ್ಮ ಸೋದರತ್ತೆಯರು ಹಾಗೇ ಸಹಿ ಹಾಕಿ, ಊಟ ಮಾಡಿ, ಬಸ್ಸು ಹತ್ತಿದ್ದರು. ಅಪ್ಪ ಎರಡು ದಿನದಿಂದ ಯಾರ ಹತ್ತಿರವೂ ಮಾತಾಡಿಲ್ಲ.

ಅಪ್ಪನದು ಬಿಡು. ಮೈಸೂರು ಯೂನಿವರ್ಸಿಟಿಯ ಮಾನಸಗಂಗೋತ್ರಿಯಲ್ಲಿ ಓದುವಾಗ ಸಮಾನತೆ ಅಂತ ನಾನು ಎಷ್ಟು ಭಾಷಣ ಬಿಗಿದಿದ್ದೆ, ಅಲ್ವಾ? ಅಕ್ಕನ ಫೋನ್ ಬಂದಾಗ ನನ್ನ ಬಾಯಿಂದ ಬಿದ್ದ ಮೊದಲ ಮಾತು, "ಈಗ್ಯಾಕೆ ಅದೆಲ್ಲ?"

ಆ ರಾತ್ರಿ ನಿದ್ದೆ ಬರಲಿಲ್ಲ. ಹಳೇ ಸೈಕಾಲಜಿ ನೋಟ್ಸು ತೆಗೆದೆ. 2003ರಲ್ಲಿ ಮನಶ್ಶಾಸ್ತ್ರಜ್ಞ ಜಾನ್ ಜೋಸ್ಟ್ ಮತ್ತು ಜೊತೆಗಾರರು 12 ದೇಶಗಳ ಸಂಶೋಧನೆಗಳನ್ನು ಒಟ್ಟು ಹಾಕಿ ನೋಡಿದ್ದರು. ಸಂಪ್ರದಾಯವಾದದ ಒಳಗೆ ಎರಡು ಗಂಟು ಅಂದರು. ಬದಲಾವಣೆಗೆ ಅಡ್ಡ ನಿಲ್ಲುವುದು ಒಂದು, ಮೇಲು ಕೀಳು ಇದ್ದದ್ದೇ ಎಂದು ಒಪ್ಪುವುದು ಇನ್ನೊಂದು. ಎರಡಕ್ಕೂ ಗೊಬ್ಬರ ಹೆದರಿಕೆ, ನಾಳೆ ಏನೋ ಅನ್ನುವ ಅಳುಕು. ಓದುತ್ತಾ ಅಪ್ಪನ ಮುಖವೇ ಕಂಡಿತು, ಒಳಗೊಳಗೇ ಖುಷಿಯೂ ಆಯಿತು. ಅಷ್ಟರಲ್ಲಿ ಮುಂದಿನ ಪುಟ. ಅದೇ ವರ್ಷ ಗ್ರೀನ್‌ಬರ್ಗ್ ಮತ್ತು ಜೋನಾಸ್ ಮರುಮಾತು ಬರೆದಿದ್ದರು: ಹಠ ಬಲಪಂಥದವರ ಸ್ವತ್ತೇನಲ್ಲ, ಎಡದವರಲ್ಲೂ ಇದೆ. ನೋಟ್ಸು ಮುಚ್ಚಿಟ್ಟೆ.

ಸಿಕ್ಕಿದ್ದಕ್ಕಿಂತ ಕಳೆದುಕೊಂಡದ್ದು ಜಾಸ್ತಿ ಉರಿಯುತ್ತದೆ ಅಂತ ಮನಶ್ಶಾಸ್ತ್ರಜ್ಞರಾದ ಕಾನಮನ್, ಟ್ವರ್ಸ್ಕಿ 1979ರಲ್ಲೇ ತೋರಿಸಿದ್ದರು. ಅದೂ ನೋಟ್ಸಲ್ಲಿತ್ತು. ಪರೀಕ್ಷೆಗೆ ಬರೆದು ಮಾರ್ಕ್ಸೂ ತಗೊಂಡಿದ್ದೆ. ಮೂರು ಪಾಲಾದರೆ ನನಗೆಷ್ಟು ಗುಂಟೆ ಎಂದು ಅಂಚಿನಲ್ಲೇ ಲೆಕ್ಕ ಹಾಕಿದೆ. ನಾನು ಆ ಗದ್ದೆಗೆ ಇಳಿದು ಹತ್ತು ವರ್ಷವಾಯಿತು, ಗೊತ್ತಾ? ಅಜ್ಜ ಬದುಕಿದ್ದರೆ ಏನನ್ನುತ್ತಿದ್ದನೋ. ಬಹುಶಃ ಅವನೂ ಅಪ್ಪನ ಪಕ್ಕ ಕೂರುತ್ತಿದ್ದ.

ಬೆಳಿಗ್ಗೆ ಅಕ್ಕನಿಗೆ ಫೋನ್ ಮಾಡಿ "ಬಾ, ಕೂತು ಮಾತಾಡೋಣ" ಎಂದೆ. ಅಪ್ಪ ಜಗುಲಿಯಲ್ಲಿ ಪೇಪರ್ ಹಿಡಿದು ಕೂತಿದ್ದರು. ಕೇಳಿಸಿಕೊಂಡರೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಪೇಪರಿನಿಂದ ಕಣ್ಣೆತ್ತದೇ ಕೇಳಿದರು:

"ಅವಳಿಗೆ ನಾಲೆ ಕಡೆದು ಬೇಕಂತಾ?"

ನಿನ್ನವನು