ಪಾಚಿ ಹಬ್ಬಿದ ನೀರಿನ ಮೀನಿನ ಬಗ್ಗೆಯೂ ಎಚ್ಚರಿಕೆ ಬರೆಯಿಸಿ

ಮಾನ್ಯ ಮೀನುಗಾರಿಕಾ ಸಚಿವರಿಗೆ ವಂದನೆಗಳು.

ಕೆರೆ, ಜಲಾಶಯಗಳಲ್ಲಿ ನೀಲಿ-ಹಸಿರು ಪಾಚಿ ಕೆನೆಗಟ್ಟಿದಾಗ ದಡದಲ್ಲಿ ಎಚ್ಚರಿಕೆಯ ಫಲಕ ನಿಲ್ಲಿಸುತ್ತಾರೆ: ನೀರು ಕುಡಿಯಬೇಡಿ, ಈಜಬೇಡಿ, ಜಾನುವಾರುಗಳನ್ನು ಇಳಿಸಬೇಡಿ. ಅದೇ ನೀರಿನಲ್ಲಿ ಹಿಡಿದ ಮೀನನ್ನು ತಿನ್ನಬಹುದೇ ಎಂಬುದನ್ನು ಮಾತ್ರ ಎಷ್ಟೋ ಫಲಕಗಳು ಹೇಳುವುದಿಲ್ಲ. ಈ ಮೌನವನ್ನು ತಾವು ಮುರಿಯಬೇಕೆಂದು ಕೇಳಿಕೊಳ್ಳಲು ಈ ಪತ್ರ.

ಇಂತಹ ಪಾಚಿಯಲ್ಲಿ ಸಾಮಾನ್ಯವಾದ ಮೈಕ್ರೋಸಿಸ್ಟಿಸ್ ಎಂಬ ಸೂಕ್ಷ್ಮಜೀವಿಯು ಮೈಕ್ರೋಸಿಸ್ಟಿನ್ ಎಂಬ ವಿಷವನ್ನು ಉತ್ಪಾದಿಸಬಲ್ಲದು. ಅದು ಯಕೃತ್ತನ್ನು ಹಾಳುಮಾಡುತ್ತದೆ. 1996ರಲ್ಲಿ ಬ್ರೆಜಿಲ್‌ನ ಕರುವಾರು ನಗರದ ಡಯಾಲಿಸಿಸ್ ಕೇಂದ್ರವೊಂದರ ನೀರಿನಲ್ಲಿ ಈ ವಿಷ ಬೆರೆತು 50ಕ್ಕೂ ಹೆಚ್ಚು ರೋಗಿಗಳು ಸತ್ತರು. ಅಲ್ಲಿ ವಿಷ ನೇರವಾಗಿ ರಕ್ತ ಸೇರಿತ್ತು. ಮೀನಿನ ಮೂಲಕ ಬರುವುದು ಅದಕ್ಕಿಂತ ಬಹಳ ಕಡಿಮೆ. ಜನರನ್ನು ಹೆದರಿಸುವುದು ನನ್ನ ಉದ್ದೇಶವಲ್ಲ. ಆದರೆ ಲೆಕ್ಕವನ್ನು ನೋಡಿ. ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲಿ ಸೂಚಿಸಿದ ಮಿತಿ, ಪ್ರತಿ ಕಿಲೋ ದೇಹತೂಕಕ್ಕೆ ದಿನಕ್ಕೆ 0.04 ಮೈಕ್ರೋಗ್ರಾಂ. 15 ಕಿಲೋ ತೂಗುವ ಮಗುವಿಗೆ ಅದು 0.6 ಮೈಕ್ರೋಗ್ರಾಂ ಆಗುತ್ತದೆ. ಒಂದು ಗ್ರಾಂ ಮೀನಿನಲ್ಲಿ 0.01 ಮೈಕ್ರೋಗ್ರಾಂ ವಿಷವಿದ್ದರೂ ಸಾಕು, 100 ಗ್ರಾಂ ತಿಂದ ಮಗು ಮಿತಿ ದಾಟಿರುತ್ತದೆ. ಇದು ಬದುಕಿಡೀ ದಿನನಿತ್ಯ ಸೇವಿಸಿದರೆ ಎಂದು ಹಾಕಿದ ಮಿತಿ, ಒಂದು ಊಟದಿಂದ ಅನಾಹುತವಾಗದು, ನಿಜ. ಆ ನೀರಿನ ಮೀನನ್ನೇ ವಾರವಿಡೀ ತಿನ್ನುವ ಮೀನುಗಾರರ ಮಕ್ಕಳಿಗೆ ಈ ಸಮಾಧಾನ ಸಾಲದು.

ಬೇಯಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆ ಬಲವಾಗಿದೆ. ಕುದಿಸಿದರೂ ಹುರಿದರೂ ಮೈಕ್ರೋಸಿಸ್ಟಿನ್ ನಾಶವಾಗುವುದಿಲ್ಲ. ವಿಷ ಹೆಚ್ಚಾಗಿ ಸೇರುವುದು ಮೀನಿನ ಯಕೃತ್ತು, ಕರುಳು, ಮೂತ್ರಪಿಂಡಗಳಲ್ಲಿ, ಮಾಂಸದಲ್ಲಿ ಕಡಿಮೆ. ಆದ್ದರಿಂದ ಒಳಾಂಗಗಳನ್ನು ತೆಗೆದು, ಮಾಂಸವನ್ನು ಶುದ್ಧ ನೀರಿನಲ್ಲಿ ತೊಳೆದರೆ ಅಪಾಯ ಬಹುಮಟ್ಟಿಗೆ ತಗ್ಗುತ್ತದೆ. ಇಡಿಯಾಗಿ ತಿನ್ನುವ ಸಣ್ಣ ಮೀನುಗಳಲ್ಲಿ ಈ ರಕ್ಷಣೆಯೂ ಇಲ್ಲ. ಇಷ್ಟು ಸರಳವಾದ ಮಾತು ಜನರಿಗೆ ತಲುಪದಿರುವುದೇ ನನಗೆ ಅತಿ ಬೇಸರದ ಸಂಗತಿ.

ಕಡಲಿನ ಕಥೆಯೂ ಬೇರೆಯಲ್ಲ. 1987ರಲ್ಲಿ ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಚಿಪ್ಪುಮೀನು ತಿಂದ ನೂರಕ್ಕೂ ಹೆಚ್ಚು ಮಂದಿ, ಕಡಲ ಪಾಚಿಯಿಂದ ಬರುವ ಡೊಮೊಯಿಕ್ ಆಮ್ಲ ಎಂಬ ವಿಷದಿಂದ ಅಸ್ವಸ್ಥರಾದರು. ಕೆಲವರು ಸತ್ತರು, ಇನ್ನು ಕೆಲವರ ನೆನಪಿನ ಶಕ್ತಿಯೇ ಕುಂದಿತು. ಆ ಬಳಿಕ ಅಲ್ಲಿ ಒಂದು ಕಿಲೋ ಚಿಪ್ಪುಮೀನಿನಲ್ಲಿ ಈ ವಿಷ 20 ಮಿಲಿಗ್ರಾಂ ಎಂಬ ಮಿತಿ, ನಿಯಮಿತ ತಪಾಸಣೆ ಜಾರಿಗೆ ಬಂದವು. ಸಾವುಗಳಾದ ಮೇಲೆ ಬಂದ ವ್ಯವಸ್ಥೆ ಅದು. ನಾವು ಸಾವಿಗೆ ಕಾಯಬೇಕಿಲ್ಲ.

ಪಾಚಿ ಕಂಡಾಗ ನೀರಿನ ಜೊತೆಗೆ ಮೀನಿನ ಮಾಂಸ ಮತ್ತು ಒಳಾಂಗಗಳ ಮಾದರಿಯನ್ನೂ ಪರೀಕ್ಷಿಸಲು ಆದೇಶಿಸಿ. ಪಾಚಿ ಸತ್ತು ಒಡೆದಾಗ ಒಳಗಿನ ವಿಷ ನೀರಿಗೆ ಇಳಿಯುತ್ತದೆ, ಹಾಗಾಗಿ ಹಸಿರು ಮಾಯವಾದ ದಿನವೇ ಪರೀಕ್ಷೆ ನಿಲ್ಲಿಸಬಾರದು. ಫಲಿತಾಂಶವನ್ನು ಕಡತದಲ್ಲಿಡದೆ ದಡದಲ್ಲೇ, ಮಾರುಕಟ್ಟೆಯಲ್ಲೇ ಪ್ರಕಟಿಸಿ. ಮೀನುಗಾರಿಕೆ ನಿಲ್ಲಿಸಬೇಕಾಗಿ ಬಂದರೆ, ಆ ದಿನಗಳ ಕೂಲಿಯನ್ನು ಮೀನುಗಾರರಿಗೆ ಸರ್ಕಾರವೇ ಕೊಡಲಿ. ನೀರಿಗೆ ಗೊಬ್ಬರ ಮತ್ತು ಚರಂಡಿಯ ಕೊಳಕು ಹರಿಸಿ ಪಾಚಿಯನ್ನು ಪೋಷಿಸುವವರು ಬೇರೆಯೇ ಇರುವಾಗ, ನಷ್ಟವನ್ನು ಬಲೆ ಹಿಡಿದವರ ತಲೆಗೆ ಕಟ್ಟುವುದು ನ್ಯಾಯವಲ್ಲ.

ತಮ್ಮ ಉತ್ತರವನ್ನು ಎದುರುನೋಡುತ್ತಾ,
ಮೀನು ತಿನ್ನುವ ಮನೆಯ ಒಬ್ಬ ನಾಗರಿಕ