ಏಳೂ ಐದಕ್ಕ ನಮ್ಮ ಮೆಸ್ಸಿನ್ಯಾಗ ಲೈಟ್ ಆರಸ್ತೀವಿ

ಗದಗ, ಮುಳಗುಂದ ನಾಕಾ

ದೋಸ್ತ,

ನಿನ್ನ ಪತ್ರ ಬಂದು ಹದಿನೈದು ದಿನ ಆತು. ಮೆಸ್ಸಿನ ಗದ್ದಲದಾಗ ಕೂತು ಬರಿಯಾಕ ಆಗಿರಲಿಲ್ಲ. ಇವತ್ತ ಅಮಾಸಿ, ಅರ್ಧಕ್ಕರ್ಧ ಹುಡುಗೂರು ಊರಿಗೆ ಹೋಗ್ಯಾರ, ಒಲಿ ಲಗೂನ ಆರೈತಿ. ಅದಕ್ಕ ಪೆನ್ನು ಹಿಡದೇನಿ. ಇದನ್ನ ನಾಕ ಮಂದಿ ಓದೋಹಂಗ ಹಂಚ್ಕೋತೀನಿ, ಬ್ಯಾಡ ಅನಬ್ಯಾಡ. ನೀ ಕೇಳಿದ ಪ್ರಶ್ನಿ ನಮ್ಮಿಬ್ಬರದಷ್ಟ ಅಲ್ಲ.

ಬರ್ಮಿಂಗ್‌ಹ್ಯಾಮಿನ್ಯಾಗ ಕೆಲಸಕ್ಕ ಹೋಗೋ ಬಸ್ಸಿನ್ಯಾಗ ದಿನಾ ಮುಂಜಾನೆ ಬಿಬಿಸಿ ರೇಡಿಯೋ 1 ಕೇಳ್ತೀನಿ ಅಂತ ಬರದಿದ್ದಿ. ಹೊಸಾ ಹಾಡು, ನಡುನಡುವ ಸುದ್ದಿ, ಕೇಳೋ ಹರೇದವರ ಜೋಡಿ ಮಾತುಕತಿ, ಒಂದೂ ಜಾಹೀರಾತಿಲ್ಲ. "ನಮ್ಮ ಕಡೆ ಹುಡುಗೂರಿಗೆ ಮುಂಜಾನೆ ರೇಡಿಯೋದಾಗ ಏನರೆ ಐತೇನೋ, ಇಲ್ಲಾ ಅದು ಮುದುಕರ ಪಾಲಾತೋ?" ಅಂತ ಕಡೀಗೆ ಕೇಳಿದ್ದಿ. ಆ ಮಾತು ನನಗ ಚುಚ್ಚಿತು. ನಾ ಕಣ್ಣಿಲೆ ಕಂಡದ್ದನ್ನ ಹೇಳ್ತೀನಿ, ಕೇಳು.

ನಮ್ಮ ಮೆಸ್ಸಿಗೆ ಈಗ ಮೂವತ್ತಾರು ಮಂದಿ ಬರ್ತಾರ. ರೋಣ, ಮುಂಡರಗಿ, ಶಿರಹಟ್ಟಿ, ಗಜೇಂದ್ರಗಡ, ಹೆಚ್ಚುಕಡಿಮಿ ಎಲ್ಲಾರೂ ಹಳ್ಳಿಯವರ. ಡಿಗ್ರಿ ಮುಗಿಸಿ ಪಿಎಸ್‌ಐ, ಎಫ್‌ಡಿಎ, ಪಿಡಿಓ, ಹಿಂಗ ಸರ್ಕಾರಿ ನೌಕರಿ ಪರೀಕ್ಷಾ ಅಂತ ರೂಮು ಹಿಡದು ಕೂತವರು. ಕಾಲ್ ಫಾರ್ಮ್ ಯಾವಾಗ ಆಗ್ತೈತಿ ಅಂತ ಕಾಯ್ಕೋತ ಕೂಡೋದು ಹರೇದಾಗ ಎಂಥಾ ಸಂಕಟ ಅನ್ನೋದು ದಿನಾ ಅವರ ತಾಟಿಗೆ ಉಪ್ಪಿಟ್ಟು ಹಾಕೋ ನನಗ ಗೊತ್ತೈತಿ. ಎರಡು ವರ್ಷದ ಹಿಂದ ಅಪ್ಪನ ಹಳೇ ರೇಡಿಯೋ ಸೆಟ್ಟನ್ನ ಸುಮ್ನ ಗಲ್ಲಾಪೆಟ್ಟಿಗಿ ಮ್ಯಾಲ ಇಟ್ಟು ಹಚ್ಚಿದೆ. ಮೊದಲ ವಾರ ಯಾರೂ ಕಿವಿಗೊಡಲಿಲ್ಲ. ಆಮ್ಯಾಲ ಒಂದಿನ ಮುಂಡರಗಿ ಕಡೆ ಹುಡುಗಿ, ಪಿಎಸ್‌ಐಗೆ ಓದಾಕಿ, ತಾಟ ಹಿಡಕೊಂಡು ಗಲ್ಲೆ ಹತ್ರನ ಬಂದು ನಿಂತಳು. "ಅಣ್ಣಾರ, ಸ್ವಲ್ಪ ಜೋರ ಮಾಡ್ರಿ, ಪ್ರದೇಶ ಸಮಾಚಾರ ಬರಾಕತ್ತೈತಿ" ಅಂದಳು.

ಜೋರ ಮಾಡಿದ್ರ ಸುದ್ದೀಕಿಂತ ಬರ್ರ್ ಅನ್ನೋದ ಜಾಸ್ತಿ ಆತು. ಧಾರವಾಡ ಆಕಾಶವಾಣಿ ನಿಲಯ ಇಲ್ಲಿಂದ 80 ಕಿಲೋಮೀಟರ್ ಹತ್ರ, 765 ಕಿಲೋಹರ್ಟ್ಸ್ ಮಧ್ಯಮ ತರಂಗ. ಒಂದೊಂದು ಅಲಿ ಸುಮಾರು 392 ಮೀಟರ್ ಉದ್ದ, ನೆಲಾ ಹಿಡಕೊಂಡ ಹರದು ಬರ್ತೈತಿ. ಅಷ್ಟು ದೂರ ಬಂದ ಅಲಿಗೆ ಮನಿಯೊಳಗಿನ ಅಗ್ಗದ ಎಲ್‌ಇಡಿ ಬಲ್ಬು, ಫೋನಿನ ಚಾರ್ಜರ್ ಇವ ವೈರಿ. ಅವುಗಳೊಳಗಿನ ಕರೆಂಟು ಅರಗಳಿಗಿಗೂ ಬಿಡದಂಗ ಹತ್ತಿ ಆರಿ ಮಾಡೋ ಗದ್ದಲ ಸೀದಾ ರೇಡಿಯೋಕ್ಕ ಬಂದು ಕೂಡ್ತೈತಿ. ಒಬ್ಬ ಡಿಪ್ಲೊಮಾ ಹುಡುಗ ಇದನ್ನ ಕಂಡ ಹಿಡದ. ಚಾರ್ಜರ್ ಎಲ್ಲಾ ಕಿತ್ತ, ಲೈಟ್ ಆರಿಸಿದ, ಸೆಟ್ಟನ್ನ ಕಾಲು ಸುತ್ತು ತಿರುವಿ ಇಟ್ಟ. ಒಳಗ ಏರಿಯಲ್ ಆಗಿ ಇರೋ ಫೆರೈಟ್ ರಾಡು ನಿಲಯದ ಕಡೆ ಅಡ್ಡ ಆಗಿ ನಿಂತ್ರ ದನಿ ಬಲಾ ಆಗ್ತೈತಿ ಅಂದ. ಬಾವಿ ನೀರು ತಿಳಿ ಆದಂಗ ದನಿ ತಿಳಿ ಆತು. ಅವತ್ತಿನಿಂದ ಏಳೂ ಐದಕ್ಕ ನಮ್ಮ ಮೆಸ್ಸಿನ್ಯಾಗ ಲೈಟ್ ಆರಸ್ತೀವಿ. ಯಾರೂ ಹೇಳಬೇಕಾಗಿಲ್ಲ, ಬಾಗಿಲ ಹತ್ರ ಕೂತವರ ಸ್ವಿಚ್ ಒತ್ತತಾರ. ಹತ್ತು ನಿಮಿಷ ನಸುಗತ್ತಲಾಗ ಹುಡುಗೂರು ಅವಲಕ್ಕಿ ತಿನಕೋತ ಸುದ್ದಿ ಕೇಳ್ತಾರ.

ಅವರಿಗೆ ಇದರಿಂದ ಏನ ಸಿಗತೈತಿ ಅಂತೀಯಾ? ನಾ ಕೇಳೇನಿ. ಫೋನಿನ್ಯಾಗ ಪ್ರಚಲಿತ ಘಟನೆ ಅಂತ ದಿನಾ ಐವತ್ತು ಪುಟ ಬರ್ತೈತಿ, ಯಾವುದು ದೊಡ್ಡದು ಯಾವುದು ಸಣ್ಣದು ತಿಳಿಯೂದಿಲ್ಲ ಅಂತಾರ. ಹತ್ತು ನಿಮಿಷದ ವಾರ್ತೆಯೊಳಗ ಯಾರೋ ತೂಗಿ ನೋಡಿ ಇಟ್ಟಿರ್ತಾರ. ಮೊದಲು ಯಾವುದು, ಕಡೀಗೆ ಯಾವುದು ಅನ್ನೋದ ಒಂದು ಪಾಠ. ಇನ್ನೊಂದು ಮಾತು ನನಗ ಹೊಳದಿರಲಿಲ್ಲ, ಆ ಮುಂಡರಗಿ ಹುಡುಗಿನ ಹೇಳಿದ್ದು: ಪೇಪರಿನ ವಾಕ್ಯ ತಿಳೀದಿದ್ರ ತಿರುಗಿ ಓದಬಹುದು, ರೇಡಿಯೋ ವಾಕ್ಯ ತಿರುಗಿ ಬರೂದಿಲ್ಲ. ಅದಕ್ಕ ಅದನ್ನ ಬರಿಯೋರು ಒಂದು ವಾಕ್ಯದಾಗ ಒಂದ ವಿಷಯ ಇಡ್ತಾರ. ಪ್ರಬಂಧ ಬರಿಯೋದನ್ನ ಅಕಿ ಅಲ್ಲಿಂದ ಕಲತಾಳಂತ. ಖಾಸಗಿ ಎಫ್‌ಎಂನವರಿಗೆ ತಮ್ಮದ ಸುದ್ದಿ ಓದೋ ಪರವಾನಗಿ ನಮ್ಮ ದೇಶದಾಗ ಇಲ್ಲ, ಬೇಕಾದ್ರ ಆಕಾಶವಾಣಿ ಸುದ್ದೀನ ಮರುಪ್ರಸಾರ ಮಾಡಬಹುದು, ಅಷ್ಟ. ಹಿಂಗಾಗಿ ರೇಡಿಯೋದಾಗ ಸುದ್ದಿ ಅಂದ್ರ ಹಳ್ಳಿ ಹುಡುಗಗ ಆಕಾಶವಾಣಿನ.

ನಮ್ಮ ಕಾಲ ನೆನಪೈತಿಲ್ಲ? ಶೆಲ್ಲು ಸಪ್ಪಗ ಆದ್ರ ಮಾಳಗಿ ಮ್ಯಾಲ ಬಿಸಿಲಿಗೆ ಇಡ್ತಿದ್ವಿ. ಆರೂ ಐವತ್ತೈದಕ್ಕ "ಇಯಂ ಆಕಾಶವಾಣೀ" ಅಂತ ಸಂಸ್ಕೃತ ವಾರ್ತೆ ಶುರು ಆತಂದ್ರ ನಿಮ್ಮವ್ವ ನಿನಗ ಜಳಕಕ್ಕ ಎಬ್ಬಸ್ತಿದ್ದಳು. ಒಂದು ಅಕ್ಷರ ತಿಳೀದಿದ್ರೂ ಇಬ್ಬರೂ ಬಾಯಿಪಾಠ ಮಾಡಿದ್ವಿ. ಏಳೂ ಮೂವತ್ತೈದರ ವಾರ್ತೆ ಮುಗಿಯೂದ್ರಾಗ ಬಸ್ ಸ್ಟ್ಯಾಂಡಿನ್ಯಾಗ ಇರಬೇಕು. ನಮಗ ಅಂತ ಬ್ಯಾರೆ ಕಾರ್ಯಕ್ರಮ ಮುಂಜಾನೆ ಇರಲಿಲ್ಲ. ಆದ್ರ ಅಪ್ಪ, ಕಾಕಾ, ಅಜ್ಜಿ ಕೇಳೋದನ್ನ ನಾವೂ ಕೇಳ್ತಿದ್ವಿ, ಅವರ ವಾದದಾಗ ಬಾಯಿ ಹಾಕ್ತಿದ್ವಿ. ದೊಡ್ಡವರ ಪಂಕ್ತಿಯೊಳಗ ನಮಗೂ ಒಂದು ಎಲಿ ಹಾಕಿದಂಗ ಇತ್ತು. ಅದು ಸಣ್ಣ ಮರ್ಯಾದಿ ಅಲ್ಲ.

ನಿನ್ನ ಪತ್ರ ಓದಿದ ಮ್ಯಾಲ ಒಂದು ವಿಚಾರ ತಲ್ಯಾಗ ತಿರಗಾಕತ್ತೈತಿ. ನೀ ಕೇಳೋ ರೇಡಿಯೋ 1 ಶುರು ಆದದ್ದು 1967ರ ಸೆಪ್ಟೆಂಬರ್ 30ಕ್ಕ, ಅದೂ ಮುಂಜಾನೆ ಕಾರ್ಯಕ್ರಮದಿಂದನ. ನಮ್ಮ ದಿಲ್ಲಿ ಆಕಾಶವಾಣಿ ಹರೇದವರ ಸಲುವಾಗಿ ಯುವವಾಣಿ ಶುರು ಮಾಡಿದ್ದು 1969ರ ಜುಲೈದಾಗ. ಎರಡ ವರ್ಷದ ಅಂತರ! ಅವರು ಈಗ 15ರಿಂದ 29 ವಯಸ್ಸಿನವರಿಗೆ ಅಂತಾರ, ನಾವು 15ರಿಂದ 30 ಅಂದ್ವಿ. ವಿಚಾರದಾಗ ನಾವು ಹಿಂದ ಬಿದ್ದಿರಲಿಲ್ಲ ದೋಸ್ತ. ನಮ್ಮದರಾಗ ಇನ್ನೊಂದು ಹೆಚ್ಚಿಂದಿತ್ತು: ಯುವವಾಣಿ ಹರೇದವರಿಗಾಗಿ ಅಷ್ಟ ಅಲ್ಲ, ಹರೇದವರಿಂದನ ಆಗೋದು. ನಾ ಬಿ.ಎ. ಎರಡನೇ ವರ್ಷ ಇದ್ದಾಗ ಧಾರವಾಡಕ್ಕ ಹೋಗಿ ಮಾತಾಡಿ ಬಂದದ್ದು ಮರತಿಲ್ಲಲ್ಲ? ಸ್ಟುಡಿಯೋದ ಬಾಗಿಲ ಮುಚ್ಚಿದ ಕೂಡ್ಲೆ ನನ್ನ ಉಸಿರು ನನಗ ಕೇಳ್ತು. ಬೇಂದ್ರೆಯವರು ಸಲಹೆಗಾರರಾಗಿದ್ದ, ಮನ್ಸೂರರು ಸಂಗೀತಕ್ಕ ಸಲಹೆ ಕೊಟ್ಟ ನಿಲಯ, 1950ರ ಜನವರಿ 8ರಿಂದ ಮಾತಾಡ್ಕೋತ ಬಂದದ್ದು. ಅದರಾಗ ನಮ್ಮೂರ ಕೆರಿ ಬಗ್ಗೆ ಐದು ನಿಮಿಷ ನನ್ನ ದನಿ. ಊರಾಗ ಪಂಚಾಯ್ತಿ ಕಟ್ಟಿ ಮ್ಯಾಲ ಕೂತು ಎಲ್ಲಾರೂ ಕೇಳಿದ್ರು. ಅವತ್ತಿಂದ ನಮ್ಮಪ್ಪ ನನ್ನ ಮಾತು ಪೂರಾ ಕೇಳಿದ ಮ್ಯಾಲ ಉತ್ತರ ಕೊಡಾಕತ್ತಿದ.

ನನ್ನ ಸಂಕಟ ಇಷ್ಟ: ಅಂಥಾ ಕಾರ್ಯಕ್ರಮ ನಮ್ಮ ಕಡೆ ಸಂಜಿಗೆ ಇರ್ತಿತ್ತು, ಮುಂಜಾನೆ ನಾ ಕೇಳಿದ್ದ ಇಲ್ಲ. ಹರೇದವರು ರೇಡಿಯೋ ಹತ್ರ ಇರೋದು ಮುಂಜಾನೆ. ನಾಷ್ಟಾ ಮಾಡೋಮುಂದ, ಇಸ್ತ್ರಿ ಮಾಡೋಮುಂದ, ಬಸ್ಸಿನ್ಯಾಗ. ಅವರ ಕೈಯಾಗ ಇರೋ ಫೋನಿಗೆ ಮಧ್ಯಮ ತರಂಗ ಸಿಗೂದಿಲ್ಲ. ಎಫ್‌ಎಂ ಇರೋ ಫೋನಿಗೂ ಇಯರ್‌ಫೋನಿನ ವೈರ್ ಚುಚ್ಚಬೇಕು, ಆ ವೈರ್‌ನ ಏರಿಯಲ್. ಈಗ ಎಲ್ಲಾರ ಕಿವಿಯಾಗೂ ವೈರ್ ಇಲ್ಲದ್ದು. ನ್ಯೂಸ್ ಆನ್ ಏರ್ ಆ್ಯಪಿನ್ಯಾಗ ಧಾರವಾಡ ಕೇಳಬಹುದು, ನಾನ ಹತ್ತು ಮಂದಿಗೆ ಹಾಕಿ ಕೊಟ್ಟೇನಿ. ಆದ್ರ ಕಪ್ಪತಗುಡ್ಡದ ಬುಡದ ಊರಿನಿಂದ ಬರೋ ಹುಡುಗ, ಬಸ್ಸು ಹತ್ತಿದ ಮ್ಯಾಲ ನೆಟ್‌ವರ್ಕ್ ಹೋಗಿ ಬಂದು ಮಾಡ್ತೈತಿ ಅಂತಾನ. ಅವಗ ಅಪ್ಪನ ಸೆಟ್ಟ ಗಟ್ಟಿ.

ಪ್ರಸಾರ ಭಾರತಿ ಕಾಯ್ದೆ 1990ರದು, ಜಾರಿಗೆ ಬಂದದ್ದು 1997ರಾಗ. ಅದರ 12ನೇ ಕಲಮಿನ್ಯಾಗ ಯುವಜನರ ವಿಶೇಷ ಅಗತ್ಯ ಗಮನದಾಗ ಇಟ್ಕೊಂಡು ಕಾರ್ಯಕ್ರಮ ಕೊಡಬೇಕು ಅಂತ ಬರದೈತಿ. ಪಿಡಿಓ ಪರೀಕ್ಷಾಕ್ಕ ಓದೋ ಹುಡುಗನ ಅದನ್ನ ನನಗ ಓದಿ ತೋರಿಸಿದ. ಅಂದ್ರ ನಾ ಕೇಳೋದು ಭಿಕ್ಷಾ ಅಲ್ಲ. ಏಳೂವರಿ ಆಜುಬಾಜು ಬರೇ ಅರ್ಧ ತಾಸು, ಇಪ್ಪತ್ತೈದರ ಒಳಗಿನವರ ದನಿ, ನಮ್ಮ ಮಾತಿನ್ಯಾಗ. ಯಾವ ಪರೀಕ್ಷಾದ ಅರ್ಜಿ ಎಂದಿಗೆ ಮುಗೀತೈತಿ, ಯಾವ ಹಾಸ್ಟೆಲ್ಲಿಗೆ ಹೆಂಗ ಅರ್ಜಿ ಹಾಕಬೇಕು, ಬೆಟಗೇರಿಯೊಳಗ ನೇಕಾರಕಿ ಹಿಡದ ಹುಡುಗ ಏನ ಅಂತಾನ, ನಿದ್ದಿ ಬರದವರು ಯಾರನ್ನ ಕಾಣಬೇಕು. ನಿನ್ನ ರೇಡಿಯೋ 1ರ ಸುದ್ದಿ ಕಾರ್ಯಕ್ರಮ ನ್ಯೂಸ್‌ಬೀಟ್ 1973ರಿಂದ ಹರೇದವರ ಮಾತಿನ್ಯಾಗ ಸುದ್ದಿ ಹೇಳ್ಕೋತ ಬಂದೈತಿ. ಸುದ್ದಿ ಹಗರ ಮಾಡಬೇಕಾಗಿಲ್ಲ, ಸಮೀಪ ಮಾಡಬೇಕು.

ಮತ್ತ ಬರೇ ಅವರಿಗೆ ಸೇರೋ ಹಾಡಷ್ಟ ಹಾಕ್ರಿ ಅಂತ ನಾ ಹೇಳಾಂವಲ್ಲ. ನಮ್ಮ ಮೆಸ್ಸಿಗೆ ವೀರೇಶ್ವರ ಪುಣ್ಯಾಶ್ರಮದಾಗ ಕಲತ ಒಬ್ಬ ಹುಡುಗ ಬರ್ತಾನ, ಹತ್ತೊಂಬತ್ತು ವರ್ಷ, ಕಣ್ಣು ಕಾಣೂದಿಲ್ಲ. ವಾರ್ತೆ ಆದ ಮ್ಯಾಲ ಸಂಗೀತ ಶುರು ಆದ್ರ ನಿರೂಪಕರು ಹೇಳೂಕಿಂತ ಮೊದಲ ಅಂವ ರಾಗ ಹೇಳಿಬಿಡ್ತಾನ. "ಇದು ತೋಡಿ. ಗಾಂಧಾರ ಸ್ವರ ಕೇಳ್ರಿ, ಹೆಂಗ ತೂಗಾಕತ್ತೈತಿ." ಮೊದಲು ಹುಡುಗೂರು ಸುಮ್ನ ತಲಿ ಅಲ್ಲಾಡಸ್ತಿದ್ರು. ಈಗ ಗಜೇಂದ್ರಗಡದ ಒಬ್ಬಾಂವ, ಎಂದೂ ಹಿಂದೂಸ್ತಾನಿ ಕೇಳದಾಂವ, ಭೈರವ ಯಾವುದು ತೋಡಿ ಯಾವುದು ಅಂತ ಅವನ ಜೋಡಿ ಪಂಥ ಕಟ್ತಾನ. ತಾ ಕೇಳಿರದ ಹಾಡು ಕಿವಿಗೆ ಬಿದ್ದು ತನ್ನದಾಗೋದು ನಾಷ್ಟಾದ ಹೊತ್ತಿನ್ಯಾಗ ನಡೀತೈತಿ. ಫೋನು ಅವಗ ನಿನ್ನೆ ಕೇಳಿದ್ದನ್ನ ಮತ್ತ ಮತ್ತ ಕೊಡ್ತೈತಿ.

ಹೋದ ತಿಂಗಳಿಂದ ಒಂದು ಪದ್ಧತಿ ಹಾಕೇವಿ. ವಾರ್ತೆ ಮುಗದು ಲೈಟ್ ಹತ್ತಿದ ಮ್ಯಾಲ ಒಬ್ಬರು ಎದ್ದು ನಿಂತು, ಕೇಳಿದ್ದರಾಗ ಮೂರು ಸುದ್ದಿ ನಮ್ಮ ಗದಗಿನ ಮಾತಿನ್ಯಾಗ ಹೇಳಬೇಕು. ಮೊದಲ ದಿನ ಮುಂಡರಗಿ ಹುಡುಗಿ ಹೇಳಿದಳು, ಕೈ ನಡಗಾಕತ್ತಿದ್ದವು. ಈಗ ಪಾಳೆ ಹಚ್ಚಿ ಗೋಡಿ ಮ್ಯಾಲ ಅಂಟಿಸ್ಯಾರ. ನಾವೆಲ್ಲಾ ಸೇರಿ ಧಾರವಾಡ ನಿಲಯಕ್ಕ ಒಂದು ಪತ್ರ ಬರದೇವಿ, ಮೂವತ್ತಾರು ಸಹಿ ಆಗ್ಯಾವ. ಪುಣ್ಯಾಶ್ರಮದ ಹುಡುಗ ಹೆಬ್ಬಟ್ಟು ಒತ್ತಲಿಲ್ಲ, ತನ್ನ ಹೆಸರನ್ನ ಬ್ರೈಲಿನ್ಯಾಗ ಚುಚ್ಚಿ ಕೊಟ್ಟ. ಸೋಮವಾರ ಪೋಸ್ಟಿಗೆ ಹಾಕ್ತೀನಿ.

ನಿನ್ನಿಂದ ಎರಡು ಕೆಲಸ ಆಗಬೇಕು. ಅಲ್ಲಿ ಯಾವುದರೆ ಒಂದಿನ ಮುಂಜಾನೆ ಸುದ್ದಿ ಹೇಳೋಮುಂದ ಗಮನ ಇಟ್ಟು ಕೇಳು, ಬಜೆಟ್ಟೋ, ಫೀ ಏರಿಸಿದ್ದೋ, ಇಂಥಾದ್ದೊಂದು ಒಣಾ ವಿಷಯಾನ ಹರೇದವರಿಗೆ ಅವರು ಹೆಂಗ ಬಿಡಿಸಿ ಹೇಳ್ತಾರ ಅನ್ನೋದನ್ನ ಬರದು ಕಳಸು. ಪಾಳೆ ಇದ್ದವರಿಗೆ ಓದಿ ಹೇಳ್ತೀನಿ. ಎರಡನೇದ್ದು, ದೀಪಾವಳಿಗೆ ಬರೂಮುಂದ ಮೀಡಿಯಮ್ ವೇವ್ ಇರೋ ಒಂದು ಗಟ್ಟಿಮುಟ್ಟಾದ ಸೆಟ್ ಸಿಕ್ಕರ ತೊಗೊಂಡು ಬಾ. ಅಪ್ಪನ ಸೆಟ್ಟಿನ ಟ್ಯೂನಿಂಗ್ ಗುಂಡಿ ಸಡ್ಲ ಆಗೈತಿ, ಈಗ ದಾರ ಸುತ್ತಿ ಇಟ್ಟೇವಿ.

ಅವ್ವ ನಿನ್ನ ಕೇಳಿದಳಂತ ಬರಿ ಅಂದಾಳ.

ನಿನ್ನ ದೋಸ್ತ